ಬಿಳಿಸೆರಗನ್ನು ಕುರಿತು ಸ್ತ್ರೀಯರಿಗೊಂದು ಪಾಠ

ಈ ಪಾಠದ ವಿಷಯವು ನಾಲ್ಕು ಮಂದಿಯ ಮುಂದೆ ಎತ್ತತಕ್ಕದ್ದಲ್ಲವೆಂದು ಕೆಲವರು ಹೇಳಿಯಾರು. ಬಾವಿಕಟ್ಟೆಯಲ್ಲಿಯೂ ಹೆಂಗಸರು ಇದನ್ನು ಕಿವಿಯಲ್ಲಿಯೇ ಹೇಳಿಕೊಳ್ಳುತ್ತಾರೆ. ಬಿಳಿಸೆರಗು, ಬಿಳಿಮುಟ್ಟು ಎಂದು ಹೆಸರಿಟ್ಟು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಹಾಗೆ ಬಿಡುವದರಿಂದ ಆಗುವ ಕೇಡು ದೊಡ್ಡದಾದ ಕಾರಣ ಇಲ್ಲಿ ಬಿಚ್ಚಿ ಹೇಳಬೇಕಾಯಿತು.

ಮಹಾರಾಷ್ಟ್ರದ ಮೂಡಲ ಅಂಚಿನಲ್ಲಿ ಗಡಚಿರೋಲಿ ಎಂಬ ಕಾಡುಸೀಮೆಯುಂಟು. ಅಲ್ಲಿ ರಾಣಿ ಬಂಗ್ ಎಂಬ ಸ್ತ್ರೀವೈದ್ಯರೂ ಅವರ ಸಂಗಡಿಗರೂ ಎರಡು ಹಳ್ಳಿಗಳ ೬೫೦ ಮಂದಿ ಸ್ತ್ರೀಯರನ್ನು ಪರೀಕ್ಷಿಸಿ, ತಾವು ಕಂಡದ್ದನ್ನು ೧೯೮೯ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ನೂರರಲ್ಲಿ ೯೨ ಮಂದಿಗೆ ಸ್ತ್ರೀಸಂಬಂಧವಾದ ಒಂದಾದರೂ ರೋಗವಿತ್ತು. ಅದಕ್ಕೆ ಮುಂಚೆ ಒಮ್ಮೆಯಾದರೂ ಇಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರರಲ್ಲಿ ೮ ಮಂದಿ ಮಾತ್ರ. ಇವರು ಆಸ್ಪತ್ರೆಯ ಬಾಗಲಲ್ಲಿ ಕಾದು ಕೂತ ರೋಗಿಗಳಲ್ಲ. ನಿಮ್ಮ ಹಾಗೆಯೇ ನೀರು ಹೊತ್ತು, ಹೊಲಗೆಲಸ ಮಾಡಿ, ಮಕ್ಕಳನ್ನು ಸಾಕುತ್ತಿದ್ದ ಹೆಂಗಸರು.

ಮೊದಲು ಒಂದು ಮಾತು. ಎಲ್ಲಾ ಸ್ರಾವವೂ ರೋಗವಲ್ಲ. ಬಾಯಲ್ಲಿ ಉಗುಳು ಹೇಗೋ ಹಾಗೆಯೇ ಯೋನಿಯಲ್ಲಿ ತೇವವಿರುವದು ಸಹಜ. ತಿಂಗಳ ನಡುವೆ ಅದು ಕೋಳಿಮೊಟ್ಟೆಯ ಬಿಳಿಯ ಲೋಳೆಯಂತೆ ಎಳೆಯಾಗಿ ಬರುವದುಂಟು, ಬಸುರಿಯಲ್ಲಿ ಹೆಚ್ಚುವದುಂಟು. ಅದಕ್ಕೆ ದುರ್ವಾಸನೆಯಿಲ್ಲ, ತುರಿಯಿಲ್ಲ, ಉರಿಯಿಲ್ಲ. ಇದರಿಂದ ಮೂಳೆ ಕರಗುತ್ತದೆ, ದೇಹದ ಸತ್ವವೆಲ್ಲಾ ಹರಿದುಹೋಗುತ್ತದೆ ಎಂಬ ಮಾತು ಸುಳ್ಳು. ಗೋವೆಯಲ್ಲಿ ವಿಕ್ರಂ ಪಟೇಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಇದನ್ನು ಶೋಧಿಸಿದಾಗ, ಸ್ರಾವವೆಂದು ದೂರುವ ಸ್ತ್ರೀಯರಲ್ಲಿ ಅನೇಕರಿಗೆ ಸೋಂಕಿರಲಿಲ್ಲವೆಂದೂ, ಆ ದೂರಿಗೂ ಮನಸ್ಸಿನ ಕುಗ್ಗುವಿಕೆಗೂ ಗಟ್ಟಿಯಾದ ನಂಟು ಇದೆಯೆಂದೂ ಕಂಡುಬಂತು. ಅಂಥವರಿಗೆ ಬೇಕಾದದ್ದು ಬೇರೆ ಉಪಚಾರ. ಯಾರು ಯಾವ ಗುಂಪಿನವರೆಂಬದು ಪರೀಕ್ಷೆ ಮಾಡದೆ ತಿಳಿಯುವ ಹಾಗಿಲ್ಲ.

ಬಣ್ಣ, ವಾಸನೆ, ಪ್ರಮಾಣ ಇವು ಬದಲಾಗಿ, ದಿನಗಳು ಕಳೆದರೂ ಮೊದಲಿನಂತಾಗದಿದ್ದರೆ ಅದು ರೋಗದ ಗುರುತು. ಒಡೆದ ಮೊಸರಿನ ಹಾಗೆ ಗಡ್ಡೆಗಡ್ಡೆಯಾಗಿ ಬಂದು ವಿಪರೀತ ತುರಿಯಿದ್ದರೆ ಅದು ಬಹುಮಟ್ಟಿಗೆ ಬೂಷ್ಟಿನ ಜಾತಿಯ ಸೋಂಕು; ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು, ಯಾಕಂದರೆ ಸಿಹಿಮೂತ್ರ ರೋಗವುಳ್ಳವರಿಗೆ ಇದು ಹೆಚ್ಚು. ಬೂದುಬಣ್ಣದ ತೆಳು ನೀರು, ಮೀನಿನಂಥ ವಾಸನೆ, ಇವಿದ್ದರೆ ಕಾರಣ ಬೇರೆ. ಹಳದಿ ಅಥವಾ ಹಸುರು ಬಣ್ಣದ ನೊರೆಯಿದ್ದರೆ ದಂಪತಿಗಳ ಸಂಗದಿಂದ ಅಂಟುವ ರೋಗವಿರಬಹುದು. ಆದರೆ ಸಹೋದರಿಯರೇ, ಇದನ್ನು ಓದಿದ ಮಾತ್ರಕ್ಕೆ ನೀವೇ ರೋಗದ ಹೆಸರು ಹೇಳಿ ಅಂಗಡಿಯಲ್ಲಿ ಮಾತ್ರೆ ಕೊಳ್ಳಕೂಡದು. ಒಂದೇ ಸಾರಿ ಎರಡು ಸೋಂಕು ಇರುವದುಂಟು. ಒಂದಕ್ಕೆ ತಿಂದ ಮಾತ್ರೆ ಇನ್ನೊಂದನ್ನು ಹೆಚ್ಚಿಸುವದೂ ಉಂಟು.

ಕೆಲವರು ಪಟಿಕದ ನೀರು, ಬೇವಿನ ಕಷಾಯ, ಸಾಬೂನು ಮೊದಲಾದವುಗಳಿಂದ ಒಳಗೆ ತೊಳೆಯುತ್ತಾರೆ. ಇದು ತಪ್ಪು. ಹಾಲನ್ನು ಮೊಸರು ಮಾಡುವ ಜೀವಾಣುಗಳ ಕುಲಕ್ಕೆ ಸೇರಿದವುಗಳೇ ಯೋನಿಯಲ್ಲಿ ವಾಸಿಸಿ, ಹುಳಿಯನ್ನು ಹುಟ್ಟಿಸಿ, ಕಾವಲು ಕಾಯುತ್ತವೆ. ಒಳಗೆ ತೊಳೆಯುವವಳು ತನ್ನ ಕಾವಲುಗಾರರನ್ನು ತಾನೇ ಹೊರಗಟ್ಟುತ್ತಾಳೆ. ಹೊರಗಡೆ ಬರಿಯ ನೀರು ಸಾಕು.

ಇನ್ನು ನಾಚಿಕೆಯ ಮಾತು. ಹೆಂಗಸರು ಆಸ್ಪತ್ರೆಗೆ ಹೋದಾಗಲೂ “ಸೊಂಟ ನೋವು, ಅಶಕ್ತತೆ” ಎಂದಷ್ಟೇ ಹೇಳಿ ಟಾನಿಕ್ ಸೀಸೆ ಹಿಡಿದುಕೊಂಡು ಬರುತ್ತಾರೆ. ಇದರಲ್ಲಿ ವೈದ್ಯರ ತಪ್ಪೇನು? ಕುಸುಮರೋಗದಿಂದ ಹನ್ನೆರಡು ವರುಷ ಬಳಲಿದವಳ ಸಂಗತಿಯನ್ನು ಮಾರ್ಕನ ಸುವಾರ್ತೆಯಲ್ಲಿ ಓದಿದ್ದೀರಿ. ಆಕೆಯದು ರಕ್ತಸ್ರಾವ, ರೋಗ ಬೇರೆ. ನಾಚಿಕೆ ಮಾತ್ರ ಇದೇ. ಹಿಂದಿನಿಂದ ಬಂದು ಮರೆಯಾಗಬೇಕೆಂದಿದ್ದ ಆಕೆ ನಡೆದದ್ದೆಲ್ಲವನ್ನೂ ಎದುರಿಗೆ ಹೇಳಿದಳು. ಆಕೆಯನ್ನು ಅಶುದ್ಧಳೆಂದು ಕರ್ತನು ತಳ್ಳಲಿಲ್ಲ. ಆದಕಾರಣ ಬಿಳಿಸೆರಗು ಉಳ್ಳವಳನ್ನು ನಡತೆಗೆಟ್ಟವಳೆಂದು ಅನುಮಾನಿಸುವ ಅತ್ತೆಯೂ ಗಂಡನೂ ತಮ್ಮ ಬಾಯಿಗೆ ಕಾವಲಿಡಲಿ. ಈ ಸೋಂಕುಗಳಲ್ಲಿ ಅನೇಕವು ಸಂಗದಿಂದ ಬರತಕ್ಕವೇ ಅಲ್ಲ. ಸಂಗದಿಂದ ಬಂದವುಗಳನ್ನು ಎಷ್ಟೋ ಸಾರಿ ಗಂಡನೇ ತಂದಿರುತ್ತಾನೆ, ಅವನಿಗೆ ಯಾವ ಗುರುತೂ ಕಾಣದೆ ಇರಬಹುದು. ಅಂಥಲ್ಲಿ ಇಬ್ಬರೂ ಒಂದೇ ಕಾಲದಲ್ಲಿ ಮದ್ದು ತಿನ್ನದಿದ್ದರೆ ಹೆಂಡತಿಯ ರೋಗವು ಗುಣವಾಗಿ ತಿರಿಗಿ ಬರುವದು.

ಆಶಾ ಕಾರ್ಯಕರ್ತೆಗೆ ಮೊದಲು ಹೇಳಿರಿ. ಆಕೆ ಸಂಗಡ ಬರುವಳು. ಮುಟ್ಟು ನಿಂತ ಮೇಲೆ ಹೋಗುವದು ಮೇಲು, ಆದರೆ ಜ್ವರವಾಗಲಿ ನೋವಾಗಲಿ ಇದ್ದರೆ ಕಾಯಬೇಡಿರಿ. ಎಷ್ಟು ದಿನದಿಂದ, ಯಾವ ಬಣ್ಣ, ಮುಟ್ಟು ಯಾವಾಗ ಆಯಿತು, ಬಸುರಿಯೋ, ವಂಕಿ ಹಾಕಿಸಿಕೊಂಡಿದ್ದೀರೋ, ಯಾವ ಮಾತ್ರೆ ತಿಂದಿರಿ, ಇಷ್ಟನ್ನೂ ಮರೆಮಾಡದೆ ಹೇಳಿರಿ. ವೈದ್ಯರು ಬಾತುಕೋಳಿಯ ಕೊಕ್ಕಿನಂಥ ಒಂದು ಉಪಕರಣದಿಂದ ಗರ್ಭಕಂಠವನ್ನು ನೋಡುವರು. ಮೈ ಸಡಿಲ ಬಿಟ್ಟರೆ ಹೆಚ್ಚು ನೋವಾಗದು, ಕೆಲವು ನಿಮಿಷಗಳಲ್ಲಿ ಮುಗಿಯುವದು. ವೈದ್ಯರು ಗಂಡಸಾಗಿದ್ದರೆ ನರ್ಸಮ್ಮನು ಹತ್ತಿರ ನಿಲ್ಲಬೇಕೆಂದು ಕೇಳಬಹುದು. ಇದರಲ್ಲಿ ಸಂಕೋಚವೇನೂ ಬೇಡ.

ಈ ನೋಟದ ಬೆಲೆ ಎಷ್ಟೆಂದರೆ, ಗರ್ಭಕಂಠದ ಕ್ಯಾನ್ಸರ್ ಸಹ ಎಷ್ಟೋ ಸಾರಿ ನಾರುವ ನೀರಾಗಿ, ರಕ್ತ ಬೆರೆತ ಸ್ರಾವವಾಗಿ ಕಾಣಿಸಿಕೊಳ್ಳುತ್ತದೆ. ೨೦೨೨ರ ಒಂದು ವರುಷದಲ್ಲಿಯೇ ಇಂಡಿಯಾ ದೇಶದಲ್ಲಿ ೧,೨೦,೦೦೦ಕ್ಕಿಂತ ಹೆಚ್ಚು ಸ್ತ್ರೀಯರಿಗೆ ಈ ರೋಗ ಹೊಸದಾಗಿ ಹತ್ತಿತೆಂದು ಅಂದಾಜು ಮಾಡಿದ್ದಾರೆ. ಗರ್ಭಕಂಠಕ್ಕೆ ವಿನೆಗರಿನಂಥ ತೆಳುವಾದ ಹುಳಿದ್ರವವನ್ನು ಹಚ್ಚಿ ಒಂದು ನಿಮಿಷ ಕಾದರೆ, ಕೆಡುತ್ತಿರುವ ಭಾಗವು ಬೆಳ್ಳಗಾಗಿ ತೋರುತ್ತದೆ. ಆ ಹಂತದಲ್ಲಿ ಉಪಚಾರ ಸುಲಭ. ಮುಟ್ಟು ನಿಂತುಹೋದ ಮುದುಕಿಯರು “ನಮಗಿನ್ನೇನು” ಎಂದು ಕೂತಿರಬಾರದು. ಅವರ ಸ್ರಾವದಲ್ಲಿ ರಕ್ತದ ಕಲೆ ಒಂದು ಸಾರಿ ಕಂಡರೂ ತೋರಿಸಲೇಬೇಕು. ಸಣ್ಣ ಹೆಣ್ಣುಮಗುವಿಗೆ ಸ್ರಾವವಿದ್ದರೆ ಆಕೆಯನ್ನು ಬೈಯದೆ ವೈದ್ಯರಲ್ಲಿಗೆ ಕರಕೊಂಡು ಹೋಗತಕ್ಕದ್ದು.

ಸ್ರಾವದ ಸಂಗಡ ಜ್ವರವೂ ಕಿಬ್ಬೊಟ್ಟೆಯ ನೋವೂ ಇದ್ದರೆ ಸೋಂಕು ಗರ್ಭಕೋಶಕ್ಕೂ ಅಂಡನಾಳಗಳಿಗೂ ಏರಿರಬಹುದು. ನಾಳಗಳು ಮುಚ್ಚಿಹೋದರೆ ಮಕ್ಕಳಾಗವು, ಇಲ್ಲವೆ ಗರ್ಭವು ನಾಳದಲ್ಲಿಯೇ ನಿಂತು ಪ್ರಾಣಕ್ಕೆ ಅಪಾಯವಾದೀತು. ಹಾಗೆಯೇ ಹೆರಿಗೆಯಾದ ಅಥವಾ ಗರ್ಭ ಇಳಿದ ಮೇಲೆ ನಾರುವ ಸ್ರಾವವೂ ಜ್ವರವೂ ಬಂದರೆ ಬೆಳಗಾಗಲೆಂದು ಕಾಯಬಾರದು. ಆ ರಾತ್ರಿಯೇ ೧೦೮ಕ್ಕೆ ಕರೆ ಮಾಡಿರಿ.

ಕೊಟ್ಟ ಮಾತ್ರೆಗಳನ್ನು, ತುರಿ ನಿಂತಿತೆಂದು ನಡುವೆ ಬಿಡದೆ, ಕೊನೆಯದರ ತನಕ ನುಂಗಬೇಕು. ಮುಗಿದ ಮೇಲೂ ಸ್ರಾವ ನಿಲ್ಲದಿದ್ದರೆ ಅದೇ ಚೀಟಿಯನ್ನು ಹಿಡಿದುಕೊಂಡು ಅದೇ ವೈದ್ಯರಲ್ಲಿಗೆ ಹೋಗಿ, ನಿಲ್ಲಲಿಲ್ಲವೆಂದು ಹೇಳಿ, ತಾಲೂಕು ಆಸ್ಪತ್ರೆಯ ಸ್ತ್ರೀರೋಗತಜ್ಞರಿಗೆ ಕಾಗದ ಬರೆಸಿಕೊಳ್ಳಿರಿ.