ಪಂಪ್ ಯಾವುದೇ ಇರಲಿ, ಬಿಲ್ಲಿನಲ್ಲಿ ಹೆಸರಿರಲಿ

ಕಾರಿನ ಕೀ ತಿರುಗಿಸಿದ ಕೂಡಲೇ, ಎಂಜಿನ್ ಸ್ಟಾರ್ಟ್ ಆಗುವ ಮುನ್ನ, ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಸೆಕೆಂಡು ‘ಝುಂಯ್’ ಎಂಬ ಸಣ್ಣ ಸದ್ದು ಬರುತ್ತದೆ. ಟ್ಯಾಂಕಿನೊಳಗಿರುವ ಫ್ಯೂಯೆಲ್ ಪಂಪ್ ಪೆಟ್ರೋಲನ್ನು ಎಂಜಿನ್ನಿನತ್ತ ತಳ್ಳಲು ಶುರುಮಾಡುವ ಸದ್ದು ಅದು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಕಾರಿನಲ್ಲಿ ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ಗ್ಯಾರೇಜಿನವರು ಬಂದು ಫ್ಯೂಸ್ ನೋಡಿದರು, ರಿಲೇ ಬದಲಿಸಿ ನೋಡಿದರು. ಕೊನೆಗೆ, “ಪಂಪ್ ಹೋಗಿದೆ ಮೇಷ್ಟ್ರೇ. ಕಂಪನಿದು ಹಾಕಲಾ, ಲೋಕಲ್ ಹಾಕಲಾ?” ಎಂದು ಕೇಳಿದರು.

ಮೇಷ್ಟ್ರು ಅಗ್ಗದ್ದನ್ನು ಹಾಕಿಸಿದರು. ನಾಲ್ಕು ತಿಂಗಳಿಗೆ ಕಾರು ನಡುರಸ್ತೆಯಲ್ಲಿ ನಿಂತಿತು. ಬಿಲ್ ಹಿಡಿದು ನನ್ನ ಹತ್ತಿರ ಬಂದರು. ‘ಸ್ಪೇರ್ಸ್ ಮತ್ತು ಲೇಬರ್’ ಎಂದು ಬರೆದು ಒಟ್ಟು ಮೊತ್ತ ಹಾಕಿದ ಚೀಟಿ ಅದು. ಪಂಪ್ ಯಾವ ಕಂಪನಿಯದು, ವಾರಂಟಿ ಎಷ್ಟು ತಿಂಗಳದು ಎಂಬುದು ಅದರಲ್ಲಿ ಇರಲಿಲ್ಲ. ಕೆಟ್ಟ ಪಂಪ್ ಆಗಲೇ ಗುಜರಿ ಸೇರಿತ್ತು. ಕಾನೂನು ಅವರ ಪರವಾಗಿತ್ತು, ಪುರಾವೆ ಮಾತ್ರ ಇರಲಿಲ್ಲ.

ಹೊರಗಿನ ಪಂಪ್ ಹಾಕಿಸಿದ್ದು ಮೇಷ್ಟ್ರ ತಪ್ಪಲ್ಲ. ಏನು ಕೊಂಡೆವು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳದೇ ಹೋದದ್ದು ಅವರ ಕೈ ಕಟ್ಟಿತು.

‘ಲೋಕಲ್’ ಎಂಬ ಒಂದೇ ಮಾತಿನಲ್ಲಿ ಗ್ಯಾರೇಜುಗಳು ಮೂರು ಬೇರೆ ಬೇರೆ ವಸ್ತುಗಳನ್ನು ಸೇರಿಸಿಬಿಡುತ್ತವೆ. ಕಾರು ಕಂಪನಿಗಳು ಫ್ಯೂಯೆಲ್ ಪಂಪನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬಾಷ್, ಡೆನ್ಸೊದಂಥ ಬಿಡಿಭಾಗ ತಯಾರಕರಿಂದ ತರಿಸಿಕೊಳ್ಳುತ್ತವೆ. ಅಂಥ ತಯಾರಕರು ತಮ್ಮದೇ ಹೆಸರಿನ ಡಬ್ಬಿಯಲ್ಲಿ ಮಾರುವ ಪಂಪ್ ಮೊದಲನೆಯದು. ಬೇರೆ ತಯಾರಕರು ತಮ್ಮ ಹೆಸರು, ವಿಳಾಸ ಹಾಕಿ ಮಾರುವುದು ಎರಡನೆಯದು. ಇವೆರಡೂ ಪೂರ್ತಿ ಕಾನೂನುಬದ್ಧ. ಇನ್ನೊಬ್ಬರ ಹೆಸರನ್ನು ಕದ್ದು ಅಂಟಿಸಿದ ಡೂಪ್ಲಿಕೇಟ್ ಮೂರನೆಯದು. ಇದು ಅಪರಾಧ. ನಕಲಿ ಟ್ರೇಡ್‌ಮಾರ್ಕ್ ಹಾಕಿದ ಸರಕು ಮಾರುವವರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹೊರಗಿನ ಪಾರ್ಟ್ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂಬುದು ಕಾರು ಇರುವವರ ದೊಡ್ಡ ಭಯ. ಈ ಭಯವನ್ನು ಬಿತ್ತಿದವರೂ ಇದ್ದಾರೆ. ಇದಕ್ಕೆ ಉತ್ತರ 2014ರ ಆಗಸ್ಟ್ 25ರಂದೇ ಬಂದಿದೆ. ಶಂಶೇರ್ ಕಟಾರಿಯಾ ಎಂಬವರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಅಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಂಪನಿಗಳು ಬಿಗಿಹಿಡಿದಿವೆ ಎಂಬುದು ಆಯೋಗದ ತೀರ್ಮಾನ. ಸಾಮಾನ್ಯ ಗ್ರಾಹಕರಿಗೆ ದಂಡದ ಮೊತ್ತಕ್ಕಿಂತ ಬೆಲೆಬಾಳುವ ಮಾತೊಂದು ಆ ಆದೇಶದಲ್ಲಿದೆ. ಗ್ರಾಹಕರು ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕುವಂತಿಲ್ಲ. ಹೊರಗೆ ನಡೆದ ಕೆಟ್ಟ ರಿಪೇರಿಯಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ವಾರಂಟಿ ನಿರಾಕರಿಸಬಹುದು. ಮೂರು ಕಂಪನಿಗಳ ಮೇಲ್ಮನವಿ ಕೇಳಿದ ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ದಂಡವನ್ನು ಇಳಿಸಿತು, ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಉಳಿಸಿಕೊಂಡಿತು.

ಹಾಗಾಗಿ, ಹೊರಗಿನ ಪಂಪ್ ಹಾಕಿದ ಕಾರಿನ ಪವರ್ ಸ್ಟೀರಿಂಗ್ ಕೆಟ್ಟರೆ ಪಂಪಿನ ನೆಪ ಹೇಳಿ ಸರ್ವಿಸ್ ಸೆಂಟರ್ ಕೈತೊಳೆದುಕೊಳ್ಳುವುದು ಸರಿಯಲ್ಲ. ಹಾಗೆ ಹೇಳಿದರೆ ಕೌಂಟರಿನಲ್ಲಿ ಜಗಳವಾಡಬೇಡಿ. “ಈ ಪಾರ್ಟಿನಿಂದಲೇ ಈ ಹಾನಿಯಾಗಿದೆ ಎಂದು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ” ಎಂದು ಕೇಳಿ. ಬಾಯಲ್ಲಿ ಸಲೀಸಾಗಿ ಬಂದ ಮಾತನ್ನು ಸಹಿ ಹಾಕಿ ಬರೆದುಕೊಡುವುದು ಅಷ್ಟು ಸಲೀಸಲ್ಲ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಹೊರಗೆ ಹೋಗುವ ಗೋಜೇ ಬೇಡ, ಪಂಪ್ ಪುಕ್ಕಟೆ ಸಿಗಬೇಕು. ವಾರಂಟಿ ಮುಗಿದಿದ್ದರೂ ಜೇಬಿಗೆ ಕೈ ಹಾಕುವ ಮೊದಲು ರೀಕಾಲ್ ಇದೆಯೇ ಎಂದು ನೋಡಿಕೊಳ್ಳಿ. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ತಿಳಿಯುತ್ತದೆ. 2020ರ ಜುಲೈನಲ್ಲಿ ಮಾರುತಿ ಸುಜುಕಿ ಫ್ಯೂಯೆಲ್ ಪಂಪ್ ತೊಂದರೆಗಾಗಿಯೇ 1,34,885 ವ್ಯಾಗನ್‌ಆರ್, ಬಲೆನೊ ಕಾರುಗಳನ್ನು ವಾಪಸ್ ಕರೆಯಿತು. ಹೋಂಡಾ 2024ರ ಅಕ್ಟೋಬರಿನಲ್ಲಿ 90 ಸಾವಿರಕ್ಕೂ ಹೆಚ್ಚು ಹಳೆಯ ಕಾರುಗಳ ಪಂಪ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ಪಂಪನ್ನು ಬಿಡಿಭಾಗವಾಗಿ ಕೊಂಡು ಹಾಕಿಸಿದ್ದ 2,204 ಕಾರುಗಳೂ ಆ ಲೆಕ್ಕದಲ್ಲಿದ್ದವು. ಅಸಲಿ ಪಾರ್ಟಿಗೂ ದೋಷ ತಪ್ಪಿದ್ದಲ್ಲ ಎಂಬುದಕ್ಕೆ ಇಷ್ಟು ಸಾಕು. ಇಂಥ ರೀಕಾಲಿನಲ್ಲಿ ಗ್ರಾಹಕರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಇನ್ನು ಕೊಳ್ಳುವ ಹೊತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಊರಿನ ಅಂಗಡಿಯಲ್ಲಿ ಕೊಂಡರೂ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಒಡೆಸಿ. ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ವಿವರ, ವಿದೇಶದ ಮಾಲಾದರೆ ಯಾವ ದೇಶದ್ದು ಎಂಬುದು, ಇವೆಲ್ಲ 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಡಬ್ಬಿಯ ಮೇಲೆ ಇರಲೇಬೇಕು. ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಬಿಲ್ಲಿನಲ್ಲಿ ಪಂಪಿನ ಬ್ರ್ಯಾಂಡ್, ಪಾರ್ಟ್ ನಂಬರ್, ವಾರಂಟಿ ಅವಧಿ, ಕಾರಿನ ನಂಬರ್ ಬರೆಸಿ. ಒಳಗಿನ ಮೋಟರ್ ಮಾತ್ರ ಬದಲಿಸಿದರೋ, ಪೂರ್ತಿ ಅಸೆಂಬ್ಲಿ ಬದಲಿಸಿದರೋ ಎಂಬುದನ್ನೂ ಬರೆಸಿ. ಎರಡರ ಬೆಲೆಗೂ ಬಹಳ ಅಂತರವಿದೆ. ಬಿಚ್ಚಿದ ಹಳೆಯ ಪಂಪ್ ನಿಮ್ಮ ಆಸ್ತಿ, ಕೇಳಿ ಪಡೆಯಿರಿ. ಪೆಟ್ರೋಲ್ ಪೂರ್ತಿ ಆರಿದ ಮೇಲೆ ಮನೆಗೆ ಒಯ್ಯಿರಿ.

ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹಳೆಯದನ್ನು ರಿಪೇರಿ ಮಾಡಿ ಹೊಸದೆಂದು ಮಾರುವುದೂ ಅದೇ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಎಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರೂ ದೋಷವಿರುವ ಮಾಲಿಗೆ ಆ ಮಾತು ನಡೆಯದು. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನದೊಳಗೆ ಅದನ್ನು ವಾಪಸ್ ಪಡೆದು ಹಣ ಕೊಡಬೇಕು. ಪಂಪ್ ಸೋರಿ ಕಾರಿಗೆ ಬೆಂಕಿ ಬಿದ್ದು ಯಾರಿಗಾದರೂ ಗಾಯವಾದರೆ ಅದು ಉತ್ಪನ್ನ ಹೊಣೆಗಾರಿಕೆಯ ಪ್ರಕರಣ. ತಯಾರಕರು ಯಾರೆಂದೇ ಗೊತ್ತಾಗದ ಮಾಲಾಗಿದ್ದರೆ ಮಾರಿದ ಅಂಗಡಿಯವರೇ ಹೊಣೆ ಎನ್ನುತ್ತದೆ 86ನೇ ಕಲಂ. ಹೆಸರಿಲ್ಲದ ಪಂಪ್ ಮಾರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಅಂಗಡಿಯವರು ಒಪ್ಪದಿದ್ದರೆ ಮೊದಲು ಬರಹದಲ್ಲಿ ಕೇಳಿ. ವಾಟ್ಸಾಪ್ ಸಂದೇಶವಾದರೂ ಇರಲಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. ಪಂಪನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ಹಾವೇರಿಯಲ್ಲಿ ವಾಸವಿದ್ದರೆ ಹಾವೇರಿಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆನ್‌ಲೈನಿನಲ್ಲಿ ಇ-ಜಾಗೃತಿ ಮೂಲಕವೂ ಸಲ್ಲಿಸಬಹುದು. ದೋಷವನ್ನು ಪರೀಕ್ಷಿಸಬೇಕಾದಾಗ ಆಯೋಗ ಪಂಪಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಕೆಟ್ಟ ಪಂಪನ್ನು ಕಾಪಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಳದಿ ಬೋರ್ಡಿನ ಕಾರು ಓಡಿಸುವ ಅನೇಕರು ತಾವು ಗ್ರಾಹಕರಲ್ಲ ಎಂದುಕೊಂಡಿದ್ದಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಸೇರಿಸುವುದಿಲ್ಲ. ಒಂದೇ ಟ್ಯಾಕ್ಸಿಯನ್ನು ನಂಬಿ ಬದುಕುವ ಚಾಲಕ ಅಣ್ಣಂದಿರಿಗೂ ಆಯೋಗದ ಬಾಗಿಲು ತೆರೆದಿದೆ.

ಯಾವುದನ್ನು ಹಾಕಿಸಲಿ ಎಂದು ಮೇಷ್ಟ್ರು ಎರಡನೇ ಸಲ ನನ್ನನ್ನೇ ಕೇಳಿದರು. ಕಾರು ಕಂಪನಿಗೆ ಪಂಪ್ ಒದಗಿಸುವ ತಯಾರಕರದ್ದೇ ಹೆಸರಿನ ಡಬ್ಬಿ, ಅಧಿಕೃತ ವಿತರಕರಿಂದ, ಪಕ್ಕಾ ಬಿಲ್ಲಿನೊಂದಿಗೆ ಸಿಗುವುದಾದರೆ ಕಣ್ಣು ಮುಚ್ಚಿ ಹಾಕಿಸಿ ಎಂದೆ. ಸಿಗದಿದ್ದರೆ ದುಬಾರಿಯಾದರೂ ಕಂಪನಿಯದೇ ಇರಲಿ. ಪೆಟ್ರೋಲ್ ಹರಿಯುವ ಜಾಗದಲ್ಲಿ ಹೆಸರಿಲ್ಲದ ಮಾಲು ಬೇಡವೇ ಬೇಡ.

ನಿಮ್ಮ ಪಂಪಿನ ದೂರೇನಾದರೂ ಮೂಲೆಯಲ್ಲಿ ಕೂತಿದ್ದರೆ ಇವತ್ತೇ ಬಿಲ್ಲಿನ ತಾರೀಖು ನೋಡಿಕೊಳ್ಳಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗದ ಮೆಟ್ಟಿಲು ಹತ್ತಬೇಕು.