ಐಸಿಯು ರೋಗಿಯನ್ನು ಬೇಗ ಎಬ್ಬಿಸಿ ಕೂರಿಸುವುದೇಕೆ?

ನಮ್ಮ ಮನೆಯಲ್ಲಿ ಯಾರಿಗೆ ಕಾಯಿಲೆ ಬಂದರೂ ದಾದಿಮಾ ಹೇಳುವ ಮೊದಲ ಮಾತು, "ಆರಾಮ್ ಕರೋ, ಲೇಟೇ ರಹೋ." ಕಳೆದ ವರ್ಷ ನ್ಯುಮೋನಿಯಾ ಆಗಿ ದಾದಾ ಐಸಿಯುನಲ್ಲಿದ್ದರು. ಮೂರನೇ ದಿನವೇ ಫಿಸಿಯೋಥೆರಪಿಸ್ಟ್ ಬಂದು ಅವರನ್ನು ಮಂಚದ ಅಂಚಿನಲ್ಲಿ ಕೂರಿಸಿದರು. ಮೂಗಿನಲ್ಲಿ ಆಮ್ಲಜನಕದ ನಳಿಕೆ ಇನ್ನೂ ಇತ್ತು. ನಮಗೆಲ್ಲ ಕೋಪ ಬಂತು. ಕಾರಣ ನನಗೆ ತಿಳಿದದ್ದು ಆಮೇಲೆ ಓದಿದಾಗ.

ಅಕೌಂಟೆನ್ಸಿಯಲ್ಲಿ ನಾವು ಸವಕಳಿ ಕಲಿಯುತ್ತೇವೆ. ಯಂತ್ರ ಓಡದೆ ಸುಮ್ಮನೆ ನಿಂತರೂ ಅದರ ಬೆಲೆ ಇಳಿಯುತ್ತದೆ. ಸ್ನಾಯುಗಳೂ ಹಾಗೆಯೇ. ತೀವ್ರ ಕಾಯಿಲೆಯಲ್ಲಿ ದೇಹವು ಸ್ನಾಯುವಿನ ಪ್ರೋಟೀನನ್ನು ಕಟ್ಟುವುದಕ್ಕಿಂತ ಹೆಚ್ಚು ವೇಗವಾಗಿ ಒಡೆಯುತ್ತದೆ. ಅಲುಗಾಡದೆ ಮಲಗಿದ್ದರೆ ನಷ್ಟ ಇನ್ನೂ ಹೆಚ್ಚು. 2013ರಲ್ಲಿ ಪ್ರಕಟವಾದ ಲಂಡನ್ ಅಧ್ಯಯನದಲ್ಲಿ, ಐಸಿಯು ರೋಗಿಗಳ ತೊಡೆಯ ಸ್ನಾಯು 10 ದಿನಗಳಲ್ಲಿ ಸುಮಾರು 18% ಕುಗ್ಗಿತ್ತು.

ಇದನ್ನು ತಡೆಯಲು ಚಲನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಶುರು ಮಾಡುತ್ತಾರೆ:

1. ರೋಗಿಗೆ ಎಚ್ಚರವಿಲ್ಲದಿದ್ದರೆ ಸಿಬ್ಬಂದಿಯೇ ಕೈಕಾಲು ಮಡಿಸಿ ಚಾಚುವುದು.
2. ಎಚ್ಚರವಾದಾಗ ಹಾಸಿಗೆಯಲ್ಲೇ ವ್ಯಾಯಾಮ.
3. ಮಂಚದ ಅಂಚಿನಲ್ಲಿ ಕೂರುವುದು.
4. ನಿಲ್ಲುವುದು, ಕುರ್ಚಿಗೆ ಹೋಗುವುದು, ನಡೆಯುವುದು.

2009ರಲ್ಲಿ ಅಮೆರಿಕದಲ್ಲಿ ವೆಂಟಿಲೇಟರ್ ಮೇಲಿದ್ದ 104 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಬೇಗ ಚಲನೆ ಶುರು ಮಾಡಿದವರಲ್ಲಿ 59% ಜನ ಆಸ್ಪತ್ರೆ ಬಿಡುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಿದ್ದರು. ಉಳಿದವರಲ್ಲಿ ಅದು 35% ಮಾತ್ರ.

ಹಾಗಂತ ಹೆಚ್ಚು ಮಾಡಿದಷ್ಟೂ ಒಳ್ಳೆಯದಲ್ಲ. 2022ರಲ್ಲಿ ಪ್ರಕಟವಾದ 750 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ, ಮಾಮೂಲಿಗಿಂತ ಹೆಚ್ಚು ಚಲನೆ ಕೊಟ್ಟವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹೃದಯದ ಬಡಿತ, ರಕ್ತದೊತ್ತಡದ ಏರುಪೇರಿನಂಥ ತೊಂದರೆಗಳು ಮಾತ್ರ ಹೆಚ್ಚಿದವು. ಆದ್ದರಿಂದ ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಮನೆಯವರು ತಾವಾಗಿ ರೋಗಿಯನ್ನು ಎಬ್ಬಿಸಬಾರದು.

ನಮ್ಮ ಮುಟ್ಟಳ್ಳಿ, ಭಟ್ಕಳದ ಕಡೆಯವರು ದೊಡ್ಡ ಚಿಕಿತ್ಸೆಗೆ ಹೆಚ್ಚಾಗಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತೇವೆ. ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲೆ ಫಿಸಿಯೋಥೆರಪಿಗಾಗಿ ದಿನವೂ ಅಷ್ಟು ದೂರ ಹೋಗಲಾಗದು. ಹಾಗಾಗಿ ಹೊರಡುವ ಮೊದಲೇ ಮೂರು ಪ್ರಶ್ನೆ ಕೇಳಿ: ಮನೆಯಲ್ಲಿ ಯಾವ ವ್ಯಾಯಾಮ ಮಾಡಿಸಬೇಕು? ದಿನಕ್ಕೆ ಎಷ್ಟು ಸಲ? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು? ಉತ್ತರಗಳನ್ನು ಬರೆದಿಟ್ಟುಕೊಳ್ಳಿ.

ದಾದಾ ಈಗಲೂ ಕುರ್ಚಿಯಲ್ಲಿ ಕೂತೇ ನಮಾಜು ಮಾಡುತ್ತಾರೆ. ಆದರೆ ಮಸೀದಿಗೆ ನಡೆದೇ ಹೋಗುತ್ತಾರೆ, ಅಲ್‌ಹಮ್ದುಲಿಲ್ಲಾಹ್. "ಲೇಟೇ ರಹೋ" ಎನ್ನುವುದನ್ನು ದಾದಿಮಾ ಬಿಟ್ಟಿದ್ದಾರೆ.