ಹಲ್ಲು, ದಾಂತ್, ಸಿನ್: ಮೂರು ಪದಗಳ ಪರಿಚಯ



ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಉರ್ದು ಮಾತನಾಡುತ್ತೇವೆ, ತರಗತಿಯಲ್ಲಿ ಕನ್ನಡ ಓದುತ್ತೇವೆ, ಲೆಕ್ಕಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಬರೆಯುತ್ತೇವೆ. ಒಂದು ಭಾಷೆಯ ಪದ ತೆಗೆದು ಇನ್ನೊಂದು ಭಾಷೆಯ ಪದ ಇಟ್ಟರೆ ಅನುವಾದ ಮುಗಿಯಿತು ಎಂದುಕೊಳ್ಳುತ್ತೇವೆ. ಇದು ಎಷ್ಟು ಸರಿ ಎಂದು ತಿಳಿಯಲು ಎಲ್ಲರ ಬಾಯಲ್ಲೂ ಇರುವ ಒಂದು ಪದವನ್ನೇ ನೋಡೋಣ.

1. ಹಲ್ಲು

ಹಳಗನ್ನಡದಲ್ಲಿ ಇದು 'ಪಲ್'. ಕಾಲ ಕಳೆದಂತೆ ಕನ್ನಡದಲ್ಲಿ ಪದದ ಮೊದಲಿನ 'ಪ'ಕಾರ 'ಹ'ಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಹಾಗೆಯೇ ಪಲ್ ಹಲ್ಲಾಯಿತು. ತಮಿಳಿನಲ್ಲಿ ಇಂದಿಗೂ 'ಪಲ್', ಮಲಯಾಳದಲ್ಲಿ 'ಪಲ್ಲ್', ತೆಲುಗಿನಲ್ಲಿ ಒಂದು ಹಲ್ಲಿಗೆ 'ಪನ್ನು', ಹಲವು ಹಲ್ಲುಗಳಿಗೆ 'ಪಳ್ಳು'. ಇವೆಲ್ಲ ದ್ರಾವಿಡ ಕುಟುಂಬದ ಒಂದೇ ಬೇರಿನಿಂದ ಬಂದವು. ಆದರೆ ಪಕ್ಕದ ತುಳುವಿನಲ್ಲಿ ಹಲ್ಲಿಗೆ 'ಕೂಲಿ' ಎನ್ನುತ್ತಾರೆ. ಕನ್ನಡದಲ್ಲಿ ಕೂಲಿ ಎಂದರೆ ದುಡಿಮೆಯ ಹಣ! ಒಂದೇ ಕುಟುಂಬದ ಭಾಷೆಗಳಲ್ಲೂ ಉಚ್ಚಾರ ನೋಡಿ ಅರ್ಥ ಹೇಳಬಾರದು ಎಂಬುದಕ್ಕೆ ಇದೇ ಸಾಕ್ಷಿ.

2. ದಾಂತ್

ಉರ್ದುವಿನ 'ದಾಂತ್' ಪದ ಸಂಸ್ಕೃತದ 'ದಂತ'ದಿಂದ ಬಂದದ್ದು. ಪುಸ್ತಕದ ಉರ್ದುವಿನಲ್ಲಿ ಒಂದಾದರೂ ದಾಂತ್, ಹತ್ತಾದರೂ ದಾಂತ್. ನಮ್ಮ ಮನೆಗಳ ದಖನಿಯಲ್ಲಿ ಮಾತ್ರ ಬಹುವಚನ 'ದಾಂತಾಂ'. ಫಾರಸಿಯ 'ದಂದಾನ್', ಲ್ಯಾಟಿನ್‌ನ 'ಡೆನ್ಸ್', ಇಂಗ್ಲಿಷಿನ 'ಟೂತ್' ಇದರ ಬಂಧುಗಳು. ದ ಎಲ್ಲಿ, ಟ ಎಲ್ಲಿ ಎಂದು ಕೇಳಬಹುದು. ದ್ವಿ ಮತ್ತು ಟೂ, ದಶ ಮತ್ತು ಟೆನ್, ದಂತ ಮತ್ತು ಟೂತ್ ಎಂದು ಜೋಡಿಸಿ ನೋಡಿ. ಕನ್ನಡದಲ್ಲಿ ಪ ಹೋಗಿ ಹ ಬಂದಂತೆ ಅಲ್ಲಿಯೂ ಒಂದು ನಿಯಮವಿದೆ. ಪದಗಳ ಬಂಧುತ್ವವನ್ನು ಹೇಳುವುದು ಇಂಥ ನಿಯಮ, ಮೇಲುನೋಟದ ಹೋಲಿಕೆಯಲ್ಲ.

ಕನ್ನಡವೂ 'ದಂತ'ವನ್ನು ಎರವಲು ಪಡೆದಿದೆ, ಆದರೆ ಅದಕ್ಕೆ ಬೇರೆ ಕೆಲಸ ಕೊಟ್ಟಿದೆ. ನೋಯುವುದು ಹಲ್ಲು, ನೋಡುವವರು ದಂತವೈದ್ಯರು. ಬರೀ ದಂತ ಎಂದರೆ ಆನೆಯದು. ಅದನ್ನೇ ಉರ್ದುವಿನಲ್ಲಿ 'ಹಾಥಿ ದಾಂತ್' ಎಂದು ಬಿಡಿಸಿ ಹೇಳಬೇಕು.

ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂತರರಾಷ್ಟ್ರೀಯ ವ್ಯಾಪಾರದ ಪಾಠದಲ್ಲಿ ಸರಕು ಬೇಕೆಂದು ಕಳುಹಿಸುವ ಆದೇಶಕ್ಕೆ 'ಇಂಡೆಂಟ್' ಎಂದು ಓದಿದ್ದೇವಲ್ಲ, ಅದರೊಳಗೂ ಲ್ಯಾಟಿನ್ ಹಲ್ಲು ಅಡಗಿದೆ. ಹಿಂದೆ ಇಂಗ್ಲೆಂಡಿನಲ್ಲಿ ಒಂದು ಕರಾರನ್ನು ಒಂದೇ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಕತ್ತರಿಸಿ, ಇಬ್ಬರಿಗೂ ಒಂದೊಂದು ತುಂಡು ಕೊಡುತ್ತಿದ್ದರು. ಮುಂದೆ ತಕರಾರು ಬಂದರೆ ಎರಡು ತುಂಡುಗಳ ಹಲ್ಲು ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಪತ್ರ ಖೋಟಾ. ಅಂಥ ಪತ್ರವೇ 'ಇಂಡೆಂಚರ್'. ಇಂಡೆಂಟ್ ಅದೇ ಮನೆತನದ ಪದ.

3. ಸಿನ್

ಅರಬ್ಬಿಯಲ್ಲಿ ಹಲ್ಲಿಗೆ 'ಸಿನ್ನ್'. ಅದೇ ಪದಕ್ಕೆ 'ವಯಸ್ಸು' ಎಂಬ ಅರ್ಥವೂ ಇದೆ. ಉರ್ದುವಿಗೆ ಅದು ವಯಸ್ಸಿನ ಅರ್ಥದಲ್ಲಿ ಬಂತು. 'ಕಮ್‌ಸಿನ್' ಎಂದರೆ ಎಳೆಯ ವಯಸ್ಸಿನವರು, 'ಹಮ್‌ಸಿನ್' ಎಂದರೆ ಓರಗೆಯವರು. (ಇಸವಿ ಹೇಳುವಾಗ ಬರುವ 'ಸನ್' ಬೇರೆ ಪದ, ಅದನ್ನು ಇದರೊಂದಿಗೆ ಬೆರೆಸಬಾರದು.)

ಹಲ್ಲಿಗೂ ವಯಸ್ಸಿಗೂ ಏನು ಸಂಬಂಧ? ಉತ್ತರ ನಮ್ಮ ದನದ ಸಂತೆಯಲ್ಲೇ ಇದೆ. ಎತ್ತಿಗೆ ಜನನ ಪ್ರಮಾಣಪತ್ರವಿಲ್ಲ. ಕೊಳ್ಳುವವನು ಅದರ ಕೆಳದವಡೆ ನೋಡುತ್ತಾನೆ. ಅಲ್ಲಿ ಮುಂದೆ ಎಂಟು ಹಲ್ಲು. ಸುಮಾರು ಎರಡು ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು ದೊಡ್ಡವು ಬರುತ್ತವೆ. ಆಮೇಲೆ ನಾಲ್ಕು, ಆರು, ಕೊನೆಗೆ ಎಂಟು. 'ಎರಡು ಹಲ್ಲಿನದು', 'ನಾಲ್ಕು ಹಲ್ಲಿನದು' ಎಂದೇ ಮಾತು ನಡೆಯುತ್ತದೆ, ಅದರ ಮೇಲೆ ಬೆಲೆ ನಿಲ್ಲುತ್ತದೆ. ಬಕ್ರೀದ್ ಹತ್ತಿರ ಬಂದಾಗ ನಮ್ಮ ಹಿರಿಯರು ಮೇಕೆಯ ಬಾಯಿ ತೆರೆದು ನೋಡುವುದೂ ಇದಕ್ಕೇ. ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ತುಂಬಿದೆ ಎಂದು ಲೆಕ್ಕ. ಕುರ್ಬಾನಿಗೆ ತಕ್ಕ ವಯಸ್ಸಾದ ಪ್ರಾಣಿಗೆ ಅರಬ್ಬಿಯಲ್ಲಿ 'ಮುಸಿನ್ನ' ಎನ್ನುತ್ತಾರೆ. ಅದೂ 'ಸಿನ್ನ್'ನಿಂದಲೇ ಬಂದದ್ದು. ಮಾರುವವನ ಮಾತು ಹೆಚ್ಚುಕಡಿಮೆ ಆಗಬಹುದು, ಹಲ್ಲಿನ ಲೆಕ್ಕ ಅಷ್ಟು ಸುಲಭವಾಗಿ ಬದಲಾಗದು.

4. ಅನುವಾದ ಮಾಡುವಾಗ

ಕೆಲವು ಪದಗಳು ಇದ್ದ ಹಾಗೆಯೇ ದಾಟುತ್ತವೆ. ಉರ್ದುವಿನ 'ಅಕಲ್ ದಾಢ್' ಕನ್ನಡದಲ್ಲಿ ಬುದ್ಧಿಹಲ್ಲು. ಆದರೆ ನುಡಿಗಟ್ಟುಗಳು ಹಾಗಲ್ಲ. ಉರ್ದುವಿನಲ್ಲಿ ಎದುರಾಳಿಯ 'ದಾಂತ್ ಖಟ್ಟೆ' ಮಾಡುತ್ತಾರೆ. ಕನ್ನಡದಲ್ಲಿ 'ಹಲ್ಲು ಹುಳಿ ಮಾಡಿದ' ಎಂದು ಬರೆದರೆ ಓದುವವರಿಗೆ ಹುಣಸೆಕಾಯಿ ನೆನಪಾದೀತು. ಕನ್ನಡದವನು ಎದುರಾಳಿಗೆ ಮಣ್ಣು ಮುಕ್ಕಿಸುತ್ತಾನೆ. ಅಚ್ಚರಿಯಾದರೆ ಉರ್ದುವಿನಲ್ಲಿ ಬೆರಳು ಹಲ್ಲಿನ ಕೆಳಗೆ ಹೋಗುತ್ತದೆ, ಕನ್ನಡದಲ್ಲಿ ಮೂಗಿನ ಮೇಲೆ! ಕನ್ನಡದಲ್ಲಿ ಹಲ್ಲು ಕಿರಿಯುವುದು ಬೇರೆ, ಹಲ್ಲು ಗಿಂಜುವುದು ಬೇರೆ. ಮೊದಲನೆಯದು ಬರೀ ನಗು, ಎರಡನೆಯದರಲ್ಲಿ ದೈನ್ಯವಿದೆ. ಇದನ್ನು ತಿಳಿಯಲು ನಿಘಂಟು ಮಾತ್ರ ಸಾಲದು, ಜನರ ಮಾತನ್ನು ಕೇಳಬೇಕು.

ಕೊನೆಗೊಂದು ಗಾದೆ. ಕನ್ನಡದಲ್ಲಿ 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎನ್ನುತ್ತಾರೆ. ಉರ್ದುವಿನಲ್ಲಿ 'ಜಬ್ ದಾಂತ್ ಥೇ ತೊ ಚನೇ ನ ಥೇ, ಅಬ್ ಚನೇ ಹೈಂ ತೊ ದಾಂತ್ ನಹೀಂ'. ಪದಗಳ ಮೂಲ ನೋಡಿದರೆ ಹಲ್ಲು ಮತ್ತು ದಾಂತ್ ನೆಂಟರಲ್ಲ, ಆದರೂ ಗಾದೆ ಒಂದೇ. ಅಕ್ಕಪಕ್ಕ ಬದುಕಿದವರ ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಕನ್ನಡ ಪರೀಕ್ಷೆಯ ಅಂಕಕ್ಕೆ ಮಾತ್ರ, ಉರ್ದು ಮನೆಗೆ ಮಾತ್ರ ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಹಾಗೆ ಗೆರೆ ಎಳೆದರೆ ಈ ಗಾದೆಯನ್ನು ಯಾವ ಕಡೆ ಇಡುವುದು?

ಅಭ್ಯಾಸ: ಮನೆಯ ಹಿರಿಯರಿಂದ ಹಲ್ಲಿನ ಬಗ್ಗೆ ಒಂದು ಉರ್ದು ನುಡಿಗಟ್ಟು, ನೆರೆಮನೆಯವರಿಂದ ಒಂದು ಕನ್ನಡ ನುಡಿಗಟ್ಟು ಕೇಳಿ ಬರೆದುಕೊಳ್ಳಿ. ಪದಕ್ಕೆ ಪದ ಇಡದೆ ಎರಡನ್ನೂ ಅನುವಾದಿಸಿ.